ಹೆಸರಿನ ಹಿಂದೆ ಊರೂ ಇರಲಿ

ಮಾನ್ಯ ಸಂಪಾದಕರೇ,

ನನ್ನ ಹೆಸರು ಮಲ್ಲಿಕಾರ್ಜುನ. ನಮ್ಮ ಬೀದರ್ ಕಡೆಯ ಯಾವುದೇ ಬಸ್ ಸ್ಟ್ಯಾಂಡಿನಲ್ಲಿ ಈ ಹೆಸರು ಕೂಗಿ ನೋಡಿ, ನಾಲ್ಕು ಜನ ತಿರುಗುತ್ತಾರೆ. ಶ್ರೀಶೈಲದ ದೇವರು ಮಲ್ಲಿಕಾರ್ಜುನ, ಗಾಯಕ ಮನ್ಸೂರರು ಮಲ್ಲಿಕಾರ್ಜುನ, ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ ಹುಟ್ಟಿದ ಖರ್ಗೆಯವರೂ ಮಲ್ಲಿಕಾರ್ಜುನ. ಶಾಲೆಯಲ್ಲಿ ನಮ್ಮ ಕ್ಲಾಸಿಗೇ ಮೂವರಿದ್ದೆವು. ಮಾಸ್ತರು ಕೋಟೆ ಮಲ್ಲು, ಹುಮನಾಬಾದ್ ಮಲ್ಲು, ಚಸ್ಮಾ ಮಲ್ಲು ಅಂತ ಕರೆಯುತ್ತಿದ್ದರು. ಒಬ್ಬನ ಏಟು ಇನ್ನೊಬ್ಬನಿಗೆ ಬಿದ್ದಿದ್ದು ನೆನಪಿಲ್ಲ.

ಹೋದ ತಿಂಗಳು ಮಗಳ ಶಾಲೆಯಲ್ಲಿ ಕ್ವಿಜ್ ಇತ್ತು. ವಿಕ್ರಮಾದಿತ್ಯನ ರಾಜಧಾನಿ ಯಾವುದು ಅಂತ ಪ್ರಶ್ನೆ. ಮಗಳು ಕಲ್ಯಾಣ ಅಂದಳು. ತಪ್ಪಂತೆ, ಉಜ್ಜಯಿನಿ ಅನ್ನಬೇಕಿತ್ತಂತೆ! ಅಂದರೆ ಬೆನ್ನ ಮೇಲೆ ಬೇತಾಳ ಹೊತ್ತು ತಿರುಗುವ ಕಥೆಯ ರಾಜನಿಗೆ ಒಂದು ಮಾರ್ಕು, ನಮ್ಮದೇ ಊರಿನಲ್ಲಿ ಕೂತು 1076ರಿಂದ 1126ರವರೆಗೆ ಐವತ್ತು ವರ್ಷ ಆಳಿದ ಚಾಲುಕ್ಯ ದೊರೆಗೆ ಸೊನ್ನೆ. ಬಸವಕಲ್ಯಾಣದ ಮಗು ಕಲ್ಯಾಣ ಅಂದರೆ ತಪ್ಪಾ ಸ್ವಾಮಿ? ಕಾಶ್ಮೀರದಿಂದ ಬಂದ ಬಿಲ್ಹಣ ಕಾವ್ಯ ಬರೆದದ್ದು ಈ ರಾಜನ ಮೇಲೆ, ವಿಜ್ಞಾನೇಶ್ವರ ಮಿತಾಕ್ಷರ ಅನ್ನುವ ಧರ್ಮಶಾಸ್ತ್ರದ ಗ್ರಂಥ ಬರೆದದ್ದು ಇವನ ಕಾಲದಲ್ಲಿ. ಈತ ಶಕವರ್ಷ ಬದಿಗಿಟ್ಟು ತನ್ನದೇ ಲೆಕ್ಕ ಶುರು ಮಾಡಿದ, ಅದೇ ಚಾಲುಕ್ಯ ವಿಕ್ರಮ ವರ್ಷ. ಅಲ್ಲೂ ಫಜೀತಿ ನೋಡಿ, ಉತ್ತರದವರ ವಿಕ್ರಮ ಸಂವತ್ ಬೇರೆ, ಅದು ಕ್ರಿಸ್ತಪೂರ್ವ 57ರಿಂದ. ಕಥೆಯ ವಿಕ್ರಮನ ಮೇಲೆ ನನಗೇನೂ ಸಿಟ್ಟಿಲ್ಲ, ಚಿಕ್ಕವನಿದ್ದಾಗ ರಾತ್ರಿ ಅವನ ಕಥೆ ಕೇಳದೆ ಮಲಗುತ್ತಿರಲಿಲ್ಲ. ಆದರೆ ನಮ್ಮವನು ಆರನೆಯವನು. ಅವನ ಹಿಂದೆ ಅದೇ ಹೆಸರಿನ ಐವರು ಚಾಲುಕ್ಯರೇ ಇದ್ದಾರೆ. ಸುಮ್ನೆ ವಿಕ್ರಮಾದಿತ್ಯ ಅಂದರೆ ಯಾರು ಅಂತ ತಿಳಿಯಬೇಕು?

ಬೀದರಿನಲ್ಲಿ ಇದಕ್ಕಿಂತ ಜಾಸ್ತಿ ಬೇಜಾರಾಯಿತು. ಮಹಮೂದ್ ಗವಾನ್ ಕಟ್ಟಿಸಿದ ಮದರಸಾ ನೋಡಲು ಬಂದಿದ್ದ ಒಂದು ಕುಟುಂಬದ ಹಿರಿಯರು ಮಕ್ಕಳಿಗೆ, ಸೋಮನಾಥ ಲೂಟಿ ಮಾಡಿದವನು ಇವನೇ ಅನ್ನುತ್ತಿದ್ದರು. ಅವನು ಘಜ್ನಿಯ ಮಹಮೂದ್, ಸುಮಾರು 1025ರ ಮಾತು. ಇವನು ಮಹಮೂದ್ ಗವಾನ್, ಇರಾನಿನ ಗೀಲಾನ್ ಕಡೆಯಿಂದ ಬಂದು ಬಹಮನಿ ಸುಲ್ತಾನರ ವಜೀರನಾದವನು, ಈ ವಿದ್ಯಾಲಯ ಕಟ್ಟಿಸಿದ್ದು 1472ರಲ್ಲಿ. ನಡುವೆ ನಾನೂರಕ್ಕೂ ಹೆಚ್ಚು ವರ್ಷ ಇದೆ. ವಿರೋಧಿಗಳು ಅವನ ಹೆಸರಲ್ಲಿ ಸುಳ್ಳು ಪತ್ರ ಬರೆಸಿ, ಸುಲ್ತಾನನ ಕೈಯಿಂದ 1481ರಲ್ಲಿ ಅವನ ತಲೆ ತೆಗೆಸಿದರು. ಪಾಪ, ಬೇರೆಯವರ ತಪ್ಪು ಅವನ ತಲೆಗೆ ಕಟ್ಟುವುದು ಇನ್ನೂ ನಿಂತಿಲ್ಲ. ನಾನು ಹೋಗಿ ಹೇಳಿದೆ. ಹೌದಾ, ಹೆಸರು ಒಂದೇ ಅಲ್ವಾ ಅಂದರು.

ಊರು, ಕಸುಬು ಹಚ್ಚಿದರೆ ಎಲ್ಲಾ ಬಗೆಹರಿಯುತ್ತದೆ ಅಂತಲ್ಲ, ಅದೂ ಗೊತ್ತು. ಯಾದಗಿರಿ ಜಿಲ್ಲೆಯ ಮುದನೂರಿನ ವಚನಕಾರ ದಾಸಿಮಯ್ಯನನ್ನೇ ತಗೊಳ್ಳಿ, ಜೇಡರ ದಾಸಿಮಯ್ಯ, ದೇವರ ದಾಸಿಮಯ್ಯ ಒಬ್ಬರೋ ಇಬ್ಬರೋ ಅಂತ ವಿದ್ವಾಂಸರೇ ಜಗಳ ಆಡಿದ್ದಾರೆ. ಅದು ಅವರ ಪಾಡು. ಕ್ವಿಜ್ ನಡೆಸುವವರು, ಬೋರ್ಡ್ ಬರೆಸುವವರು, ಮತ್ತೆ ನಿಮ್ಮ ಮಕ್ಕಳ ಪುಟದವರು ಹೆಸರಿನ ಹಿಂದೆ ಒಂದು ಊರು, ಒಂದು ಇಸವಿ ಹಾಕಿದರೆ ಸಾಕು. ಮಗಳ ಆ ಒಂದು ಮಾರ್ಕು ಕೇಳಲು ನಾನು ಶಾಲೆಗೆ ಹೋಗಿದ್ದೆ, ನೋಡೋಣ ಅಂದಿದ್ದಾರೆ.

ಇಂತಿ,
ಮಲ್ಲಿಕಾರ್ಜುನ (ಕೋಟೆ ಹತ್ತಿರದವನು), ಬಸವಕಲ್ಯಾಣ