ಮಳೆ ರಜೆ ಮತ್ತು ಆಟಿಸಂ ಇರುವ ಮಕ್ಕಳು

ಮಾನ್ಯರೇ,

ಕೊಡಗಿನಲ್ಲಿ ಮಳೆಯ ರಜೆ ಕೆಲವೊಮ್ಮೆ ಬೆಳಗಿನ ಹೊತ್ತಿಗೆ ಘೋಷಣೆಯಾಗುತ್ತದೆ. ಬೇರೆ ಮಕ್ಕಳಿಗೆ ಅದು ಸಂಭ್ರಮ. ಆಟಿಸಂ ಇರುವ ನನ್ನ ಒಂಬತ್ತು ವರ್ಷದ ಮಗನಿಗೆ ಮಾತ್ರ ದಿನವೇ ಬುಡಮೇಲು. ಕಳೆದ ಜುಲೈನಲ್ಲಿ ಅವನು ಸಮವಸ್ತ್ರದ ಮೇಲೆ ರೇನ್‌ಕೋಟ್ ತೊಟ್ಟು, ಬ್ಯಾಗು ಹೆಗಲಿಗೇರಿಸಿ, ಬಾರದ ಶಾಲಾ ವ್ಯಾನಿಗಾಗಿ ಹನ್ನೊಂದು ಗಂಟೆಯವರೆಗೂ ಬಾಗಿಲಲ್ಲೇ ನಿಂತು ಕಿವಿ ಮುಚ್ಚಿಕೊಂಡು ಅಳುತ್ತಿದ್ದ. ಅದು ಹಟವಲ್ಲ, ಮುಂದೇನೆಂದು ತಿಳಿಯದ ದಿಗಿಲು. ಈಗ ಅಡುಗೆಮನೆಯ ಗೋಡೆಗೆ ಚಿತ್ರಗಳ ದಿನಚರಿ ಅಂಟಿಸಿದ್ದೇವೆ. ಶಾಲೆಯ ಚಿತ್ರ ತೆಗೆದು ಕೊಡೆಯ ಚಿತ್ರ ಹಾಕಿದರೆ ಅಂದು ರಜೆಯೆಂದು ಅವನಿಗೆ ತಿಳಿಯುತ್ತದೆ. ಭಾರಿ ಮಳೆಯ ಮುನ್ಸೂಚನೆ ಇದ್ದಾಗಲಾದರೂ ರಜೆಯನ್ನು ಹಿಂದಿನ ಸಂಜೆಯೇ ಪ್ರಕಟಿಸಬೇಕೆಂದು ಜಿಲ್ಲಾಡಳಿತವನ್ನು ಕೋರುತ್ತೇನೆ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಗುರುತಿಸಿದ 21 ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಇಂಥ ಮಕ್ಕಳನ್ನು ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕೆಂದು ಕಾಯ್ದೆ ಹೇಳಿದರೂ, ಒಂದು ಶಾಲೆ ‘ನಮ್ಮಲ್ಲಿ ಆಗುವುದಿಲ್ಲ’ ಎಂದು ನಮ್ಮನ್ನು ವಾಪಸು ಕಳಿಸಿತ್ತು. ಈಗಿನ ಶಾಲೆಯ ಟೀಚರ್ ಅವನನ್ನು ಗೋಡೆ ಬದಿಯ ಬೆಂಚಿನಲ್ಲಿ ಕೂರಿಸಿ, ಗಂಟೆ ಹೊಡೆಯುವ ಮುನ್ನ ಬೆರಳೆತ್ತಿ ಸೂಚನೆ ಕೊಡುತ್ತಾರೆ. ಖರ್ಚಿಲ್ಲದ ಇಷ್ಟು ಕಾಳಜಿಯಿಂದಲೇ ಅವನು ದಿನಪೂರ್ತಿ ತರಗತಿಯಲ್ಲಿರುತ್ತಾನೆ. ವಾಕ್ ಚಿಕಿತ್ಸೆಗಾಗಿ ನಾವು ಸುಮಾರು 120 ಕಿ.ಮೀ. ದೂರದ ಮೈಸೂರಿಗೆ ಹೋಗಿಬರುತ್ತೇವೆ; ಕೂಲಿ ಬಿಟ್ಟು ಬರಲಾಗದ ತೋಟದ ಕಾರ್ಮಿಕರ ಮಕ್ಕಳ ಗತಿಯೇನು?

ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯಂದು ಭತ್ತದ ಕದಿರು ತೆಗೆಯುವಾಗ ಗುಂಡು ಹಾರಿಸುವುದು ನಮ್ಮ ಸಂಪ್ರದಾಯ, ಬೇಡವೆನ್ನಲಾರೆ. ನೆರೆಯವರು ಮೊದಲೇ ಒಂದು ಮಾತು ತಿಳಿಸಿದರೆ, ಮಗನಿಗೆ ಶಬ್ದ ತಡೆಯುವ ಹೆಡ್‌ಫೋನ್ ಹಾಕಿ ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ.

– ಒಬ್ಬ ತಾಯಿ, ಮಡಿಕೇರಿ