ಮೂವತ್ತೊಂದು ಜಾಸ್ತಿಯಾಯಿತೇ?

ಪುಟ್ಟಾ,

ಮನೆ ಸುದ್ದಿಯೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ನಿನ್ನ ಕಾಗದದ ಕೊನೆಯಲ್ಲಿ ಬರೆದಿದ್ದೀಯಲ್ಲ, 'ಮಾವ, ಮೂವತ್ತೊಂದಕ್ಕೆ ಕುಂಚ ಹಿಡಿದರೆ ಜನ ನಗಲ್ವಾ?' ಅಂತ. ಎರಡು ರಾತ್ರಿಯಿಂದ ಅದೇ ತಲೆ ಕೊರೆಯುತ್ತಿದೆ.

ನೀನಿರುವ ಹ್ಯಾಂಬರ್ಗ್‌ನಿಂದ ಉತ್ತರಕ್ಕೆ, ಡೆನ್ಮಾರ್ಕ್ ಗಡಿಯ ಹತ್ತಿರ ಜೇಬ್ಯುಲ್‌ನಲ್ಲಿ ಚಿತ್ರಕಾರ ಎಮಿಲ್ ನೋಲ್ಡೆಯ ಮನೆಯಿದೆ. ಈಗ ಮ್ಯೂಸಿಯಂ. ರೈತನ ಮಗ, ಫ್ಲೆನ್ಸ್‌ಬುರ್ಗ್‌ನಲ್ಲಿ ಮರದ ಕೆತ್ತನೆ ಕಲಿತವನು. 1892ರಿಂದ ಸ್ವಿಟ್ಜರ್ಲೆಂಡಿನ ಸೇಂಟ್ ಗ್ಯಾಲನ್‌ನಲ್ಲಿ ಡ್ರಾಯಿಂಗ್ ಮೇಷ್ಟ್ರು, ನನ್ನ ಹಾಗೆ. ಆಲ್ಪ್ಸ್ ಬೆಟ್ಟಗಳಿಗೆ ಕಣ್ಣು ಮೂಗು ಬರೆದು ಪೋಸ್ಟ್‌ಕಾರ್ಡ್ ಅಚ್ಚು ಹಾಕಿಸಿದ. ಹತ್ತೇ ದಿನದಲ್ಲಿ 1 ಲಕ್ಷ ಕಾರ್ಡು ಖರ್ಚಾದವು. ಆ ದುಡ್ಡಿನ ಧೈರ್ಯದ ಮೇಲೆ ಚಿತ್ರಕಾರನಾಗಲು ಹೊರಟ. 1898ರಲ್ಲಿ ಮ್ಯೂನಿಕ್ ಅಕಾಡೆಮಿ ಬೇಡ ಅಂದಿತು. ಅವನಿಗೂ ಆಗ ಮೂವತ್ತೊಂದೇ.

ನನಗೂ ಅಂಥದೊಂದು 'ಬೇಡ' ಬಂದಿತ್ತು, ಇಪ್ಪತ್ತರಲ್ಲಿ. ಒಂದು ಕಲಾಶಾಲೆಯಿಂದ ಕಾರ್ಡು, ಟೈಪು ಮಾಡಿದ ಎರಡೇ ಸಾಲು. ಮತ್ತೆ ಅರ್ಜಿ ಹಾಕಲಿಲ್ಲ. ಮನೆಯ ಕಷ್ಟ ಅಂತ ಎಲ್ಲರಿಗೂ ಹೇಳಿದೆ. ನಿಜ ಏನೆಂದರೆ, ನಗುತ್ತಾರೆ ಅನ್ನುವ ಹೆದರಿಕೆ. ನಿನ್ನದೇ ಹೆದರಿಕೆ. ಬಣ್ಣದ ಟ್ಯೂಬುಗಳು ಅಟ್ಟದ ಟ್ರಂಕಿನಲ್ಲಿ ಇನ್ನೂ ಇವೆ. ನಿನ್ನೆ ಒಂದನ್ನು ಹಿಂಡಿ ನೋಡಿದೆ. ಕಲ್ಲು.

ನೋಲ್ಡೆ ಸುಮ್ನೆ ಕೂರಲಿಲ್ಲ. ಪ್ಯಾರಿಸ್‌ಗೆ ಹೋಗಿ ಕಲಿತ. 1906ರಲ್ಲಿ ಡ್ರೆಸ್ಡೆನ್‌ನ 'ಬ್ರ್ಯೂಕೆ' ಅನ್ನುವ ಹೊಸ ಚಿತ್ರಕಾರರ ಗುಂಪಿನಿಂದ ಅವನಿಗೆ ಕರೆ ಬಂತು. ಕಾಗದ ಬರೆದ ಶ್ಮಿಟ್-ರೊಟ್‌ಲುಫ್‌ಗೆ ಇಪ್ಪತ್ತೊಂದು, ಇವನಿಗೆ ಮೂವತ್ತೆಂಟು. ಮೀಸೆ ಚಿಗುರುವ ಹುಡುಗರು ಕರೆದರೆ ಹೋದನಲ್ಲ! ಯಾರಾದರೂ ನಕ್ಕಾರು ಅಂತ ಅವನಿಗೆ ಅನಿಸಲೇ ಇಲ್ಲವೇ? ಮುಂದಿನ ವರ್ಷವೇ ಗುಂಪು ಬಿಟ್ಟ, ಅದು ಬೇರೆ ಮಾತು. ಮುಂದೆ ನಾಜಿ ಪಕ್ಷಕ್ಕೂ ಸೇರಿದ. ಅವನ ಹಾಗೆ ಬದುಕು ಅಂತ ನಾನು ಹೇಳುತ್ತಿಲ್ಲ ಕಣೋ. ವಯಸ್ಸಿನ ಲೆಕ್ಕ ಮಾತ್ರ ನೋಡು.

ಕೆಲಸ ಒಂದೇ ಸಲ ಬಿಡಬೇಡ ಅನ್ನಲೇ? ಏನೂ ಬಿಡದೆ ಕೂತವನ ಮಾತು, ಬೇಕಾದರೆ ಕೇಳು. ಹೆಂಡತಿ ಹತ್ತಿರ ಮಾತ್ರ ದುಡ್ಡಿನ ವಿಷಯ ಬಿಚ್ಚಿ ಮಾತಾಡು. ನೋಲ್ಡೆಯ ಹೆಂಡತಿ ಆಡಾ ನಾಲ್ಕು ಕಾಸು ತರಲೆಂದು ಬರ್ಲಿನ್‌ನಲ್ಲಿ ಹಾಡಲು ಹೋಗಿ ಆರೋಗ್ಯ ಕೆಡಿಸಿಕೊಂಡಳು.

ಏನಾದರೂ ಬರೆದರೆ ಫೋಟೋ ಕಳಿಸು. ನಾನಂತೂ ನಗುವುದಿಲ್ಲ. ನಿನ್ನ ವಯಸ್ಸಿಗೆ, ಆ ಕಾರ್ಡು ಬಂದು ಹನ್ನೊಂದು ವರ್ಷವಾಗಿತ್ತು. ಟ್ಯೂಬುಗಳು ಆಗಿನ್ನೂ ಮೆತ್ತಗೇ ಇದ್ದವು.

ನಿನ್ನ ಮಾವ