ಮಕ್ಕಳ ಕೊಳದ ಬಳಿ ನಿಂತಿದ್ದ ಅಣ್ಣನಿಗೆ

ತುಮಕೂರಿನಿಂದ ಮಕ್ಕಳನ್ನು ಕಟ್ಟಿಕೊಂಡು ಒಳಾಂಗಣ ವಾಟರ್ ಪಾರ್ಕಿಗೆ ಬಂದಿದ್ದ ನಮಗೆ ಲೈಫ್ ಜಾಕೆಟ್ ಸರಿಮಾಡಿಕೊಟ್ಟ ಅಣ್ಣಾ, ಹೆಸರು ಕೇಳಲಿಲ್ಲ, ನಿಮಗೆ ದೊಡ್ಡ ನಮಸ್ಕಾರ.

ನಿಮ್ಮಿಂದ ಕಲಿತದ್ದಿದು: ಜಾಕೆಟ್ಟಿನ ಬಕಲ್ ಹಾಕಿದರೆ ಸಾಲದು. ಭುಜದ ಹತ್ತಿರ ಹಿಡಿದು ಮೇಲಕ್ಕೆಳೆದಾಗ ಜಾಕೆಟ್ ಕಿವಿವರೆಗೆ ಏರಿದರೆ ಅದು ದೊಡ್ಡದು. ನೀರಲ್ಲಿ ಮಗು ಅದರೊಳಗಿಂದ ಜಾರುತ್ತದೆ. ಸೈಜು ನೋಡಬೇಕಾದ್ದು ತೂಕದಿಂದ, ವಯಸ್ಸಿನಿಂದಲ್ಲ. ಕಾಲಸಂದಿಯ ಪಟ್ಟಿಯನ್ನು ಎಲ್ಲರೂ ಸುಮ್ಮನೆ ನೇತಾಡಲು ಬಿಡುತ್ತಾರೆ, ಜಾಕೆಟ್ ಮೇಲೇರದಂತೆ ತಡೆಯುವುದೇ ಅದು! ಗಾಳಿ ಊದುವ ತೋಳುಪಟ್ಟಿ ಬರೀ ಆಟಿಕೆ, ಒದ್ದೆ ಕೈಯಿಂದ ಕಳಚಿಕೊಳ್ಳುತ್ತದೆ. ಏನೇ ಹಾಕಿದರೂ, ಮೊಣಕಾಲುದ್ದ ನೀರಲ್ಲೂ ಮಗು ಕೈಗೆಟುಕುವಷ್ಟು ಹತ್ತಿರವಿರಬೇಕು.

ಇನ್ನು ಡೈಪರ್: ಮಾಮೂಲಿಯದು ನೀರು ಹೀರಿ ಕಲ್ಲಾಗುತ್ತದೆ. ಈಜಿನ ಡೈಪರೇ ಬೇಕು, ಅದೂ ಉಚ್ಚೆ ತಡೆಯಲ್ಲ. ಆಗಾಗ ಬಚ್ಚಲಿಗೆ ಕರೆದೊಯ್ಯಲೇಬೇಕು. ತುಟಿ ನೀಲಿಗಟ್ಟಿದರೆ ತಕ್ಷಣ ಹೊರಗೆ, ಒಣ ಟವೆಲ್ಲು.